ಹೊಗೆ ಇಲ್ಲದ ಕೆಂಡದ ವಿಷ

ಇದ್ದಲಿ ಹೊಗೆ ಬಿಡುವುದಿಲ್ಲ, ಹಾಗಾಗಿ ಅಪಾಯವಿಲ್ಲ ಎಂಬ ನಂಬಿಕೆ ಹುಬ್ಬಳ್ಳಿಯ ಇಸ್ತ್ರಿ ಅಂಗಡಿಯಿಂದ ಗದಗಿನ ಬಾಣಂತಿ ಕೋಣೆಯವರೆಗೆ ಬೇರೂರಿದೆ. ಕಟ್ಟಿಗೆಯ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗಟ್ಟುತ್ತದೆ. ಇದ್ದಲಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಉರಿಯುವ ಅಗ್ಗಿಷ್ಟಿಗಿಯನ್ನು ಕತ್ತಲಲ್ಲಿ ನೋಡಿ. ತಳದಲ್ಲಿ ಗಾಳಿ ಸಿಕ್ಕ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಮೇಲೇರಲು ನಿಗಿನಿಗಿ ಕೆಂಡದ ಪದರು ದಾಟಬೇಕು. ಅಲ್ಲಿ ಆಮ್ಲಜನಕ ಮುಗಿದಿರುತ್ತದೆ. ಕಾದ ಇಂಗಾಲವು ಆ ಡೈಆಕ್ಸೈಡಿನಿಂದಲೇ ಒಂದು ಆಮ್ಲಜನಕ ಪರಮಾಣು ಕಸಿಯುತ್ತದೆ. ಒಂದು ಅಣು ಹೋದಲ್ಲಿ ಎರಡು ಮೊನಾಕ್ಸೈಡ್ ಅಣು ಹುಟ್ಟುತ್ತವೆ. ಕೆಂಡದ ಮೇಲೆ ಆಡುವ ತಿಳಿನೀಲಿ ಜ್ವಾಲೆ ಆ ಮೊನಾಕ್ಸೈಡ್ ಉರಿಯುವುದೇ. ಜ್ವಾಲೆ ಅಡಗಿ ಬೂದಿ ಮುಸುಕಿದರೂ ಅನಿಲ ಬರುತ್ತಲೇ ಇರುತ್ತದೆ, ಉರಿಯದೆ ಕೋಣೆ ಸೇರುತ್ತದೆ.

ಕಬ್ಬಿಣದ ಕಾರ್ಖಾನೆಗೆ ಬೇಕಾದದ್ದು ಇದೇ ಅನಿಲ: ಅದಿರಿನ ಆಮ್ಲಜನಕ ಕಿತ್ತು ಕಬ್ಬಿಣ ಬಿಡಿಸುತ್ತದೆ. 1709ರಲ್ಲಿ ಕಬ್ಬಿಣ ತಯಾರಕ ಅಬ್ರಹಾಂ ಡಾರ್ಬಿ ಕೋಕ್ (ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಪಡೆದ ಇಂಧನ) ಬಳಸುವ ತನಕ ಇಂಗ್ಲೆಂಡಿನ ಊದುಕುಲುಮೆಗಳು ಇದ್ದಲಿಯನ್ನೇ ನಂಬಿದ್ದವು. 1923ರಲ್ಲಿ ನಮ್ಮ ಭದ್ರಾವತಿಯ ಕುಲುಮೆ ಹೊತ್ತಿದ್ದೂ ಮಲೆನಾಡಿನ ಮರದ ಇದ್ದಲಿಯಿಂದ. ಬ್ರೆಜಿಲ್‌ನ ಮಿನಾಸ್ ಜೆರೈಸ್‌ನಲ್ಲಿ ನೀಲಗಿರಿ ತೋಪುಗಳ ಇದ್ದಲಿ ಇಂದಿಗೂ ಬೀಡುಕಬ್ಬಿಣ ತೆಗೆಯುತ್ತಿದೆ.

ಇದ್ದಲಿಯ ಮೇಲೆ ಕೋಳಿ ಮಾಂಸ ಸುಡುವ ಜಪಾನಿನ ಯಾಕಿತೋರಿ ಅಂಗಡಿಯಾಗಲಿ, ನಮ್ಮ ತಂದೂರಿ ಹೋಟೆಲಾಗಲಿ, ಎಕ್ಸಾಸ್ಟ್ ಫ್ಯಾನ್ ಒಂದೇ ಸಾಲದು; ಹೊಸ ಗಾಳಿ ಒಳಬರಲು ಬೇರೆ ಕಿಂಡಿ ಬೇಕು. ಎಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಚಿಮಣಿಯ ಅನಿಲವೇ ಕೆಳಗೆ ಎಳೆದುಕೊಂಡು ಬರಬಹುದು.

ಹೆಚ್ಚು ಆತಂಕ ಬಾಣಂತಿ ಕೋಣೆಯದು. ಗಾಳಿ ಸೋಕಬಾರದೆಂದು ಕಿಟಕಿ ಸಂದಿಗೂ ಬಟ್ಟೆ ತುರುಕಿ, ಹೊರಸಿನ ಕೆಳಗೆ ಕೆಂಡ ಇಡುತ್ತಾರೆ. ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಹಿಡಿಯುತ್ತದೆ. ತಲೆನೋವು, ವಾಂತಿ, ಜೋಂಪು ಬಂದಾಗ ದೃಷ್ಟಿ ತೆಗೆಯುತ್ತ ಕೂತರೆ ಹೊತ್ತು ಮೀರುತ್ತದೆ. ಪಕ್ಕದಲ್ಲಿ ನೀರಿನ ಬೋಗುಣಿ ಇಟ್ಟೂ ಫಲವಿಲ್ಲ, ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ತೂಕವೂ ಹೆಚ್ಚುಕಡಿಮೆ ಗಾಳಿಯಷ್ಟೇ; ನೆಲದಲ್ಲಿ ಮಲಗಿದವರಿಗೂ ಮಂಚದ ಮೇಲಿನವರಿಗೂ ಒಂದೇ ಅಪಾಯ.

ಮೊದಲು ತಾಯಿ-ಮಗುವನ್ನು ಹೊರಗೆ ತನ್ನಿ, 108ಕ್ಕೆ ಕರೆ ಮಾಡಿ, ಕೋಣೆಯಲ್ಲಿ ಕೆಂಡ ಇತ್ತೆಂದು ವೈದ್ಯರಿಗೆ ತಪ್ಪದೆ ಹೇಳಿ. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಆಕ್ಸಿಮೀಟರ್ ಶೇ. 98 ತೋರಿಸಿದರೂ ನಂಬಬೇಡಿ, ಮೊನಾಕ್ಸೈಡ್ ಹೊತ್ತ ರಕ್ತವೂ ಅದಕ್ಕೆ ಆಮ್ಲಜನಕ ಹೊತ್ತಂತೆಯೇ ಕಾಣುತ್ತದೆ. ರಕ್ತಪರೀಕ್ಷೆಯೇ ಬೇಕು. ಬರೀ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು 4-5 ಗಂಟೆ. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ.