ಕಾಯುವ ಕಡತದ ಗಣಿತ

ಪದವಿ ಪ್ರಮಾಣಪತ್ರದಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿ ಅಚ್ಚಾಗಿದೆ ಎಂದುಕೊಳ್ಳಿ. ಅದನ್ನು ತಿದ್ದುವ ಕೆಲಸ ಹೆಚ್ಚೆಂದರೆ ಅರ್ಧ ಗಂಟೆಯದು. ಅರ್ಜಿ ಓದಬೇಕು, ಮೂಲ ದಾಖಲೆಯೊಂದಿಗೆ ತಾಳೆ ನೋಡಬೇಕು, ಹೊಸ ಪತ್ರ ಮುದ್ರಿಸಿ ಸಹಿ ಹಾಕಬೇಕು. ಆದರೂ ಅದು ವಿದ್ಯಾರ್ಥಿಯ ಕೈ ಸೇರುವಷ್ಟರಲ್ಲಿ ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಉರುಳಿರುತ್ತವೆ. ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕುವ ಗಡುವೂ ಮುಗಿದುಹೋಗಿರಬಹುದು. ಇದಕ್ಕೆಲ್ಲ ಸಿಬ್ಬಂದಿಯ ಸೋಮಾರಿತನವೇ ಕಾರಣ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ನನಗದು ಅನ್ಯಾಯದ ಮಾತೆನಿಸುತ್ತದೆ. ಆ ಅರ್ಧ ಗಂಟೆಯ ಕೆಲಸವನ್ನು ಯಾರೂ ತಿಂಗಳುಗಟ್ಟಲೆ ಮಾಡುತ್ತಾ ಕೂರುವುದಿಲ್ಲ. ಉಳಿದಷ್ಟೂ ಕಾಲ ಅರ್ಜಿ ಯಾವುದೋ ಮೇಜಿನ ಮೇಲೆ ಸರದಿಗಾಗಿ ಕಾಯುತ್ತಿರುತ್ತದೆ. ಈ ಕಾಯುವಿಕೆಗೆ ತನ್ನದೇ ಆದ ಗಣಿತವಿದೆ. ವಿಶ್ವವಿದ್ಯಾಲಯದ ಆಡಳಿತವನ್ನು ಹೊಸ ತಂತ್ರಾಂಶಕ್ಕೆ ಒಗ್ಗಿಸಲು ಹೊರಟವರು ತಂತ್ರಾಂಶ ಕೊಳ್ಳುವ ಮೊದಲು ಈ ಗಣಿತವನ್ನು ಕಲಿಯಬೇಕು ಎಂಬುದು ನನ್ನ ದೃಢ ನಂಬಿಕೆ.

ಸರದಿಯ ಶಾಸ್ತ್ರ ಹುಟ್ಟಿದ್ದು ದೂರವಾಣಿಯ ಜಗತ್ತಿನಲ್ಲಿ. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಆಗ್ನರ್ ಎರ್ಲಾಂಗ್, ಕರೆಗಳು ಬರುವ ಕ್ರಮವನ್ನು ಸಂಭವನೀಯತೆಯ ಲೆಕ್ಕಕ್ಕೆ ಒಳಪಡಿಸಿ 1909ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ದಾರಿಯಲ್ಲಿ ಮುಂದೆ ಬೆಳೆದ ಸರಳ ಮಾದರಿಯೊಂದು ಬೆರಗು ಹುಟ್ಟಿಸುವ ಸಂಗತಿಯನ್ನು ಹೇಳುತ್ತದೆ. ಅರ್ಜಿಗಳು ಹೇಗೆಂದರೆ ಹಾಗೆ ಬರುತ್ತವೆ, ಒಂದೊಂದಕ್ಕೂ ಹಿಡಿಯುವ ಸಮಯ ಏರುಪೇರಾಗುತ್ತದೆ ಎಂದಿಟ್ಟುಕೊಳ್ಳೋಣ. ಮೇಜಿನ ಮುಂದೆ ಕುಳಿತವರ ಸಮಯದಲ್ಲಿ ಶೇಕಡಾ 50ರಷ್ಟು ಮಾತ್ರ ಕೆಲಸ ತುಂಬಿದ್ದರೆ, ಒಂದು ಅರ್ಜಿ ಸರಾಸರಿ ಇನ್ನೊಂದು ಅರ್ಜಿಯ ಕೆಲಸಕ್ಕೆ ಹಿಡಿಯುವಷ್ಟು ಹೊತ್ತು ಕಾಯುತ್ತದೆ. ಶೇಕಡಾ 80 ತುಂಬಿದರೆ ಕಾಯುವಿಕೆ ಅದರ 4 ಪಟ್ಟು, 90ಕ್ಕೆ 9 ಪಟ್ಟು, 95ಕ್ಕೆ 19 ಪಟ್ಟು. ಹೊರೆ ಏರಿದ್ದು ಅಷ್ಟಿಷ್ಟೇ ಆದರೂ ಸಾಲು ಹನುಮಂತನ ಬಾಲವಾಗುತ್ತದೆ. ಎಲ್ಲರ ಕೈಗೂ ದಿನವಿಡೀ ಬಿಡುವಿಲ್ಲದಷ್ಟು ಕೆಲಸ ಕೊಟ್ಟರೆ ಕಚೇರಿ ಚುರುಕಾಗುತ್ತದೆ ಎಂದು ನಂಬುವ ಆಡಳಿತಗಾರರಿಗೆ ಈ ನಾಲ್ಕು ಅಂಕಿಗಳನ್ನು ತೋರಿಸಬೇಕು. ಪ್ರವೇಶಾತಿ, ಫಲಿತಾಂಶ, ಘಟಿಕೋತ್ಸವಗಳ ಹೊತ್ತಿಗೆ ಅರ್ಜಿಗಳ ಪ್ರವಾಹವೇ ಹರಿದುಬರುವ ವಿಶ್ವವಿದ್ಯಾಲಯದಲ್ಲಂತೂ ಸ್ವಲ್ಪ ಬಿಡುವು ಉಳಿಸಿಕೊಳ್ಳುವುದು ಅನಿವಾರ್ಯ.

ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇನ್ನೂ ಸರಳ. ಬಾಕಿ ಇರುವ ಅರ್ಜಿಗಳ ಸರಾಸರಿ ಸಂಖ್ಯೆಯನ್ನು ದಿನಕ್ಕೆ ಬರುವ ಅರ್ಜಿಗಳ ಸಂಖ್ಯೆಯಿಂದ ಭಾಗಿಸಿದರೆ, ಒಂದು ಅರ್ಜಿ ವಿಲೇವಾರಿಯಾಗಲು ಹಿಡಿಯುವ ಸರಾಸರಿ ದಿನಗಳು ಸಿಗುತ್ತವೆ. ದಿನಕ್ಕೆ 40 ಅರ್ಜಿ ಬರುವ ವಿಭಾಗದಲ್ಲಿ ಸಾಮಾನ್ಯವಾಗಿ 600 ಬಾಕಿ ಇದ್ದರೆ ಅವಧಿ 15 ದಿನ. ಯಾವ ತಂತ್ರಾಂಶವೂ ಬೇಡ, ಎಣಿಕೆ ಬಂದರೆ ಸಾಕು.

ಇನ್ನು ಮೇಜುಗಳ ಸಂಖ್ಯೆ. ಕಡತ ಎಂಟು ಮೇಜು ದಾಟಬೇಕಾದರೆ ಎಂಟು ಸಾಲುಗಳಲ್ಲಿ ನಿಲ್ಲಬೇಕು. ತಪ್ಪುಗಳೂ ಹಾಗೆಯೇ ಬೆಳೆಯುತ್ತವೆ. ಪ್ರತಿ ಮೇಜಿನಲ್ಲೂ ನೂರಕ್ಕೆ 98 ಸಲ ಕೆಲಸ ಸರಿಯಾಗಿಯೇ ಆದರೂ, ಎಂಟನ್ನೂ ದಾಟಿ ಒಂದೂ ತಪ್ಪಿಲ್ಲದೆ ಹೊರಬರುವುದು ಸುಮಾರು 85 ಅರ್ಜಿಗಳು ಮಾತ್ರ. ಉಳಿದವು ಹಿಂದಕ್ಕೆ ಹೋಗಿ ಮತ್ತೆ ಸಾಲು ಸೇರುತ್ತವೆ. ಕಾಗದದ ಅರ್ಜಿಯನ್ನು ಕಂಪ್ಯೂಟರ್ ಪರದೆಗೆ ಏರಿಸಿ, ಎಂಟು ಸಹಿಗಳನ್ನು ಎಂಟು ಬಟನ್‌ಗಳಾಗಿ ಬದಲಿಸಿದರೆ ಕಡತ ಹೊತ್ತೊಯ್ಯುವ ಕೆಲಸವೊಂದು ತಪ್ಪೀತು, ಎಂಟು ಸಾಲುಗಳು ಹಾಗೆಯೇ ಉಳಿಯುತ್ತವೆ. ದುಬಾರಿ ಯೋಜನೆಗಳು ನಿರಾಸೆ ತರುವುದು ಹೆಚ್ಚಾಗಿ ಇಲ್ಲಿಯೇ.

ಇದನ್ನು ಮನದಟ್ಟು ಮಾಡಿಸಿದವರು ಅಮೆರಿಕದ ನಿರ್ವಹಣಾ ತಜ್ಞ ಮೈಕೆಲ್ ಹ್ಯಾಮರ್. ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ 1990ರ ಲೇಖನದಲ್ಲಿ ಅವರು ಫೋರ್ಡ್ ಕಂಪನಿಯ ಬಿಲ್ ಪಾವತಿ ವಿಭಾಗದ ಕಥೆ ಹೇಳಿದ್ದರು. ಉತ್ತರ ಅಮೆರಿಕದಲ್ಲಿ ಆ ವಿಭಾಗಕ್ಕೆ 500ಕ್ಕೂ ಹೆಚ್ಚು ಸಿಬ್ಬಂದಿ ಇದ್ದರು. ಖರೀದಿ ಆದೇಶ, ಸರಕು ತಲುಪಿದ ದಾಖಲೆ ಮತ್ತು ಮಾರಾಟಗಾರರ ಬಿಲ್ ಈ ಮೂರರ ನಡುವೆ 14 ವಿವರಗಳು ಹೊಂದುತ್ತವೆಯೇ ಎಂದು ಅವರು ನೋಡಬೇಕಿತ್ತು. ಹೊಂದದಿದ್ದರೆ ಪತ್ರ ವ್ಯವಹಾರ ಶುರು. ಈ ತಾಳೆ ನೋಡುವ ಕೆಲಸವನ್ನು ಕಂಪ್ಯೂಟರಿನಿಂದ ಬೇಗ ಮಾಡಿಸುವುದಕ್ಕಿಂತ ದೊಡ್ಡ ಹೆಜ್ಜೆಯನ್ನು ಫೋರ್ಡ್ ಇಟ್ಟಿತು. ಬಿಲ್ಲನ್ನೇ ಕೈಬಿಟ್ಟಿತು. ಸರಕು ಬಂದಾಗ ಅದನ್ನು ಇಳಿಸಿಕೊಳ್ಳುವವರೇ ಆದೇಶವನ್ನು ಪರದೆಯ ಮೇಲೆ ನೋಡಿ ಸ್ವೀಕರಿಸುವುದು, ಸ್ವೀಕರಿಸಿದರೆ ಪಾವತಿ ತಾನಾಗಿ ಆಗುವುದು, ಇಷ್ಟೇ ಹೊಸ ಕ್ರಮ. 14 ವಿವರಗಳು ಮೂರಕ್ಕೆ ಇಳಿದವು, ಬೇಕಾದ ಸಿಬ್ಬಂದಿ ಶೇಕಡಾ 75ರಷ್ಟು ಕಡಿಮೆಯಾದರು.

ವಿಶ್ವವಿದ್ಯಾಲಯದಲ್ಲಿ ಇದೇ ಪ್ರಶ್ನೆಯನ್ನು, ಯಾವ ಬಾಕಿಯೂ ಇಲ್ಲ ಎಂದು ಸಾರುವ ಬೇಬಾಕಿ ಪ್ರಮಾಣಪತ್ರದ ಬಗ್ಗೆ ಕೇಳಬಹುದು. ಗ್ರಂಥಾಲಯ, ವಿದ್ಯಾರ್ಥಿನಿಲಯ, ಪ್ರಯೋಗಾಲಯ, ಲೆಕ್ಕಪತ್ರ ಶಾಖೆಗಳಿಗೆ ಅಲೆದು ಸಹಿ ತರುವ ವಿದ್ಯಾರ್ಥಿ, ವಿಶ್ವವಿದ್ಯಾಲಯಕ್ಕೆ ಈಗಾಗಲೇ ಗೊತ್ತಿರುವ ಸಂಗತಿಯನ್ನು ವಿಶ್ವವಿದ್ಯಾಲಯಕ್ಕೇ ತಿಳಿಸುತ್ತಿರುತ್ತಾನೆ. ಶುಲ್ಕ ಕಟ್ಟಿದ ರಸೀದಿಯನ್ನು ಪರೀಕ್ಷಾ ಅರ್ಜಿಗೆ ಲಗತ್ತಿಸುವುದೂ ಅಷ್ಟೇ. ಇಂತಹ ಅರ್ಜಿಗಳನ್ನು ಆನ್‌ಲೈನ್ ಮಾಡುವುದಲ್ಲ, ಇಲ್ಲವಾಗಿಸಬೇಕು.

ಒಂದು ಶಾಖೆಗೆ ತಿಳಿದದ್ದು ಇನ್ನೊಂದಕ್ಕೆ ತಿಳಿಯದಿರುವುದಕ್ಕೆ ತಾಂತ್ರಿಕ ಕಾರಣ, ಪ್ರತಿ ಶಾಖೆಯೂ ತನ್ನದೇ ಡೇಟಾಬೇಸ್ ಕಟ್ಟಿಕೊಂಡಿರುವುದು. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಕೋಷ್ಟಕಗಳ ಮಾದರಿ ಇಂದಿನ ಬಹುತೇಕ ಡೇಟಾಬೇಸ್‌ಗಳ ತಳಹದಿ. ಅದರಿಂದ ಬೆಳೆದ ಶಿಸ್ತಿನ ತಿರುಳು, ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡಿ, ಉಳಿದವರು ಅಲ್ಲಿಂದಲೇ ಓದಲಿ ಎಂಬುದು. ಹಳೆಯ ಪಟ್ಟಿಗಳನ್ನು ಹೀಗೆ ಒಂದುಗೂಡಿಸಲು ಹೊರಟಾಗಲೇ ಕಷ್ಟ ತಿಳಿಯುವುದು. ಒಂದೇ ವ್ಯಕ್ತಿ ಒಂದು ಕಡೆ ಪೂರ್ಣ ಹೆಸರಿನಲ್ಲಿ, ಇನ್ನೊಂದು ಕಡೆ ಇನಿಷಿಯಲ್‌ನೊಂದಿಗೆ, ಮತ್ತೊಂದು ಕಡೆ ತಪ್ಪು ಜನ್ಮದಿನಾಂಕದೊಂದಿಗೆ ಇರುತ್ತಾರೆ. ಕೆನಡಾದ ಸಂಖ್ಯಾಶಾಸ್ತ್ರಜ್ಞರಾದ ಇವಾನ್ ಫೆಲೆಗಿ ಮತ್ತು ಅಲನ್ ಸಂಟರ್ 1969ರಲ್ಲಿ ಇದಕ್ಕೊಂದು ಗಣಿತದ ಮಾರ್ಗ ಕೊಟ್ಟರು. ಅಪರೂಪದ ಹೆಸರು ಎರಡು ಪಟ್ಟಿಗಳಲ್ಲಿ ಹೊಂದಿದರೆ ಅದಕ್ಕೆ ಹೆಚ್ಚು ತೂಕ, ಎಲ್ಲೆಡೆ ಕಾಣುವ ಹೆಸರಿಗೆ ಕಡಿಮೆ ತೂಕ. ತೂಕಗಳ ಮೊತ್ತ ಒಂದು ಮಿತಿ ದಾಟಿದರೆ ಇಬ್ಬರೂ ಒಬ್ಬರೇ. ಇನ್ನೊಂದು ಮಿತಿಗಿಂತ ಕೆಳಗಿದ್ದರೆ ಬೇರೆ ಬೇರೆ. ನಡುವೆ ಬಿದ್ದವುಗಳನ್ನು ಮನುಷ್ಯರೇ ಕುಳಿತು ನೋಡಬೇಕು. ಆ ಕೊನೆಯ ಗುಂಪನ್ನು ಯಂತ್ರಕ್ಕೆ ಬಿಟ್ಟರೆ ಒಬ್ಬರ ಅಂಕಗಳು ಮತ್ತೊಬ್ಬರ ಖಾತೆ ಸೇರುವ ಅಪಾಯವಿದೆ.

ಯಾವ ಹಂತವನ್ನು ಕತ್ತರಿಸಬೇಕು ಎಂದು ತಿಳಿಯಲು ಕಡತದ ನಿಜವಾದ ದಾರಿ ಕಾಣಬೇಕು. ನಿಯಮಾವಳಿಯ ನಕ್ಷೆಯಲ್ಲಿ ದಾರಿ ನೇರವಾಗಿಯೇ ಇರುತ್ತದೆ. ನೆದರ್‌ಲೆಂಡ್ಸ್‌ನ ಐಂದ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಲ್ ಫಾನ್ ಡರ್ ಆಲ್ಸ್ಟ್ ಬೆಳೆಸಿದ ವಿಧಾನಕ್ಕೆ ಬೇಕಾದದ್ದು ಮೂರೇ ವಿವರಗಳು: ಯಾವ ಅರ್ಜಿ, ಯಾವ ಹಂತ, ಯಾವ ಹೊತ್ತು. ಕಂಪ್ಯೂಟರ್ ವ್ಯವಸ್ಥೆಗಳು ದಾಖಲಿಸುವ ಈ ಮೂರರಿಂದ ಅರ್ಜಿಗಳು ನಡೆದ ದಾರಿಯ ಚಿತ್ರವೇ ಮೂಡುತ್ತದೆ. ಅದೇ ವಿಶ್ವವಿದ್ಯಾಲಯದ ಪ್ರವಾಸ ವೆಚ್ಚದ ಕ್ಲೇಮುಗಳ ದಾಖಲೆಗಳನ್ನು 2020ರಲ್ಲಿ ಸಂಶೋಧಕರ ಸ್ಪರ್ಧೆಯೊಂದಕ್ಕೆ ಮುಕ್ತವಾಗಿ ಕೊಡಲಾಯಿತು. ದೇಶದೊಳಗಿನ ಪ್ರವಾಸಗಳವೇ 10,500 ಕ್ಲೇಮುಗಳು, ಅವುಗಳ ಹಿಂದೆ 56,437 ಹೆಜ್ಜೆಗಳು. ಸರಾಸರಿ ಒಂದಕ್ಕೆ ಐದಕ್ಕಿಂತ ತುಸು ಹೆಚ್ಚು. ಯಾವುದು ತಿರಸ್ಕೃತವಾಗಿ ಹಿಂದಕ್ಕೆ ಹೋಯಿತು, ಯಾವುದು ಎಲ್ಲಿ ನಿಂತಿತು ಎಂಬುದನ್ನು ಒಂದೊಂದಾಗಿ ಹಿಂಬಾಲಿಸಬಹುದು. ಒಂದು ವಿಶ್ವವಿದ್ಯಾಲಯ ತನ್ನ ಆಡಳಿತವನ್ನೇ ಅಧ್ಯಯನದ ವಸ್ತುವಾಗಿಸಿ ಜಗತ್ತಿನ ಮುಂದಿಟ್ಟದ್ದು ನನಗೆ ತುಂಬಾ ಮೆಚ್ಚುಗೆಯಾದ ನಡೆ.

ಬದಲಾವಣೆಯನ್ನು ಒಂದೇ ದಿನ ಎಲ್ಲೆಡೆ ಜಾರಿಗೆ ತರುವುದು ಅಪಾಯಕಾರಿ. ಕೇಂಬ್ರಿಜ್ ವಿಶ್ವವಿದ್ಯಾಲಯ 2000ದಲ್ಲಿ ಕ್ಯಾಪ್ಸಾ ಎಂಬ ಹೊಸ ಲೆಕ್ಕಪತ್ರ ವ್ಯವಸ್ಥೆಗೆ ಬದಲಾದಾಗ ಲೆಕ್ಕ ವಿಭಾಗಗಳು ತತ್ತರಿಸಿದವು. ಮರುವರ್ಷ ಪ್ರಕಟವಾದ ಎರಡು ಸ್ವತಂತ್ರ ವರದಿಗಳು ಯೋಜನೆಯ ನಿರ್ವಹಣೆಯಲ್ಲೇ ದೋಷಗಳನ್ನು ಗುರುತಿಸಿದವು. ತಂತ್ರಾಂಶ ತಜ್ಞ ಮಾರ್ಟಿನ್ ಫೌಲರ್ 2004ರಲ್ಲಿ ಸೂಚಿಸಿದ ಬೇರೊಂದು ದಾರಿಗೆ ಸ್ಫೂರ್ತಿ ಆಸ್ಟ್ರೇಲಿಯಾದ ಕಾಡಿನಲ್ಲಿ ಕಂಡ ಅತ್ತಿಯ ಜಾತಿಯ ಮರ. ಅದು ಆಸರೆಯ ಮರದ ಮೇಲೆ ಮೊಳೆತು, ಬೇರಿಳಿಸಿ, ನಿಧಾನವಾಗಿ ಆ ಮರದ ಜಾಗವನ್ನು ತಾನೇ ತುಂಬುತ್ತದೆ. ಹಾಗೆಯೇ ಮೊದಲು ಶುಲ್ಕ, ಆಮೇಲೆ ನೋಂದಣಿ, ಕೊನೆಗೆ ಪರೀಕ್ಷೆ ಎಂದು ಹಳೆಯ ವ್ಯವಸ್ಥೆಯ ಒಂದೊಂದೇ ಕೆಲಸವನ್ನು ಹೊಸದಕ್ಕೆ ವಹಿಸಬಹುದು. ಕೆಲವು ಕಾಲ ಎರಡನ್ನೂ ಒಟ್ಟಿಗೆ ನಡೆಸಿ ಲೆಕ್ಕ ತಾಳೆ ನೋಡಬೇಕು.

ಹಳೆಯದನ್ನು ಕಳಚುವಾಗ ಕಳೆದುಹೋಗುವ ಅತ್ಯಮೂಲ್ಯ ವಸ್ತು ಎಂದರೆ ವಿನಾಯಿತಿಗಳ ತಿಳಿವಳಿಕೆ. ಪಠ್ಯಕ್ರಮ ಬದಲಾದ ವರ್ಷದ ವಿದ್ಯಾರ್ಥಿಗಳ ಅಂಕಗಳನ್ನು ಹೇಗೆ ಪರಿವರ್ತಿಸಬೇಕು, ನಡುವೆ ಓದು ನಿಲ್ಲಿಸಿ ಮರಳಿದವರಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದು ದಶಕಗಳ ಹಿಂದೆ ಹಳೆಯ ಪ್ರೋಗ್ರಾಮಿಂಗ್ ಭಾಷೆಯಾದ ಕೋಬಾಲ್‌ನಲ್ಲಿ ಬರೆದ ಪ್ರೋಗ್ರಾಮಿನ ಯಾವುದೋ ಸಾಲಿನಲ್ಲಿ ಇರುತ್ತದೆ, ಇಲ್ಲವೇ ನಿವೃತ್ತಿಯ ಅಂಚಿನಲ್ಲಿರುವ ಸಿಬ್ಬಂದಿಯ ನೆನಪಿನಲ್ಲಿ. ಅಂತಹವರು ಪ್ರೋಗ್ರಾಮರುಗಳ ಪಕ್ಕದಲ್ಲಿ ಪೂರ್ಣಾವಧಿ ಕುಳಿತು ಕೆಲಸ ಮಾಡಬೇಕು. ಅವರ ದಿನ ಈಗಲೇ ಶೇಕಡಾ 90 ತುಂಬಿದೆ. ಯೋಜನೆಯ ಸಭೆಗಳೂ ಸೇರಿದರೆ ಅವರ ಮೇಜಿನ ಅರ್ಜಿಗಳ ಗತಿಯನ್ನು ಎರ್ಲಾಂಗ್‌ರ ಗಣಿತವೇ ಹೇಳಿಬಿಟ್ಟಿದೆ. ಹಾಗಾಗಿ ಅವರ ನಿತ್ಯದ ಕೆಲಸಕ್ಕೆ ಬದಲಿ ನೌಕರರನ್ನು ನೇಮಿಸುವ ಖರ್ಚನ್ನು, ತಂತ್ರಾಂಶದ ಬೆಲೆ ಬರೆಯುವ ಅದೇ ಬಜೆಟ್ಟಿನಲ್ಲಿ, ಮೊದಲ ವರ್ಷವೇ ಸೇರಿಸಬೇಕು.