ಚಿತ್ರಪುಸ್ತಕಕ್ಕೆ ನ್ಯೂಬೆರಿ ಪದಕವೇ?

ಪ್ರಶ್ನೆ: ಹತ್ತು ನಿಮಿಷದಲ್ಲಿ ಓದಿ ಮುಗಿಯುವ ಚಿತ್ರಪುಸ್ತಕಕ್ಕೆ ನ್ಯೂಬೆರಿಯಂಥ ಪ್ರಶಸ್ತಿ ಕೊಡುವುದು ಸರಿಯೇ? ಇನ್ನೂರು ಪುಟದ ಕಾದಂಬರಿ ಬರೆದವರ ಗತಿ ಏನು? ಚಿತ್ರಗಳಿಗೆಂದೇ ಕಾಲ್ಡೆಕಾಟ್ ಪದಕ ಇದೆಯಲ್ಲ?

ಉತ್ತರ: ಧಾರಾಳವಾಗಿ ಕೊಡಬಹುದು. 1922ರಿಂದ ನೀಡಲಾಗುತ್ತಿರುವ ನ್ಯೂಬೆರಿ, ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಂದ ವರ್ಷದ ಅತ್ಯುತ್ತಮ ಕೊಡುಗೆಯನ್ನು ಗುರುತಿಸುವ ಪದಕ. ಅದರ ಲೆಕ್ಕದಲ್ಲಿ ಹದಿನಾಲ್ಕು ವರ್ಷದವರೆಗಿನ ಎಲ್ಲರೂ ಮಕ್ಕಳೇ, ಇನ್ನೂ ಅಕ್ಷರ ಕಲಿಯದ ನಾಲ್ಕು ವರ್ಷದ ಮಗುವೂ ಸೇರಿ. ಪುಟ ಎಣಿಸುವ ನಿಯಮವಂತೂ ಇಲ್ಲ.

2016ರಲ್ಲಿ ಮ್ಯಾಟ್ ಡೆ ಲಾ ಪೆನ್ಯಾ ಬರೆದ ‘ಲಾಸ್ಟ್ ಸ್ಟಾಪ್ ಆನ್ ಮಾರ್ಕೆಟ್ ಸ್ಟ್ರೀಟ್’ ಎಂಬ ಚಿತ್ರಪುಸ್ತಕಕ್ಕೆ ಈ ಪದಕ ಬಂದಾಗ ಅನೇಕರು ಹುಬ್ಬೇರಿಸಿದರು. ಅಜ್ಜಿಯೊಂದಿಗೆ ಬಸ್ಸಿನಲ್ಲಿ ಹೊರಟ ಹುಡುಗನ ಕತೆ, ಅಷ್ಟೇ. 1982ರಲ್ಲೂ ಚಿತ್ರಗಳಿಂದ ತುಂಬಿದ ಕವನ ಸಂಕಲನವೊಂದು ಗೆದ್ದಿತ್ತು. ಹಾಗಾಗಿ ಇದು ತೀರಾ ಹೊಸ ಸಂಗತಿಯಲ್ಲ.

ನನಗೆ ಕಿರಿಕಿರಿಯಾಗುವುದು ಬೇರೊಂದು ನಿಯಮದಿಂದ. ತೀರ್ಪುಗಾರರು ಮುಖ್ಯವಾಗಿ ಪಠ್ಯವನ್ನೇ ನೋಡಬೇಕು. ಚಿತ್ರ, ವಿನ್ಯಾಸಗಳನ್ನು ಗಣನೆಗೆ ತೆಗೆದುಕೊಳ್ಳಬಹುದಾದದ್ದು ಅವು ಪುಸ್ತಕವನ್ನು ಕೆಡಿಸಿದಾಗ. ಅಂದರೆ ಚಿತ್ರ ಅಂಕ ಕಳೆಯಬಲ್ಲದು, ಗಳಿಸಲಾರದು!

ಚಿತ್ರಪುಸ್ತಕದ ಲೇಖಕನ ಕಸುಬೇ ಜಾಗ ಬಿಡುವುದು. ಒಂದು ಪುಟದಲ್ಲಿ ‘ನನಗೇನೂ ಭಯವಾಗಲಿಲ್ಲ’ ಎಂದಿದೆ ಎನ್ನಿ. ಚಿತ್ರದಲ್ಲಿ ಆ ಮಾತನಾಡಿದ ಹುಡುಗ ಮಂಚದ ಕೆಳಗಿದ್ದಾನೆ, ಕಾಣುತ್ತಿರುವುದು ಹಿಮ್ಮಡಿ ಮಾತ್ರ. ವಾಕ್ಯವನ್ನಷ್ಟೇ ಬಿಡಿಸಿ ಓದಿದರೆ ಸಪ್ಪೆ. ಚಿತ್ರವನ್ನಷ್ಟೇ ನೋಡಿದರೆ ಅಡಗಿಕೊಂಡ ಹುಡುಗ. ನಗು ಹುಟ್ಟುವುದು ಎರಡರ ನಡುವೆ, ಅದನ್ನು ಮೊದಲು ಹಿಡಿಯುವುದು ಓದಲು ಬಾರದ ಮಗು. ‘ಮಂಚದ ಕೆಳಗೆ ನುಸುಳಿದೆ’ ಎಂದು ಬರೆಯದೆ ತಡೆದುಕೊಂಡ ಕೈಗೆ ಪಠ್ಯದ ಅಂಕಪಟ್ಟಿಯಲ್ಲಿ ಯಾವ ಕಲಂ? ಯಾವ ಮಾತಿನ ಬಳಿಕ ಪುಟ ತಿರುಗಬೇಕು ಎಂಬ ಲೆಕ್ಕಾಚಾರಕ್ಕೆ? ಸಾಮಾನ್ಯವಾಗಿ ಮೂವತ್ತೆರಡೇ ಪುಟ. ಒಂದು ಪದ ಹೆಚ್ಚಾದರೂ ಎದ್ದು ಕಾಣುತ್ತದೆ. ಮೇಲಾಗಿ ಈ ಪುಸ್ತಕಗಳನ್ನು ಪ್ರತಿ ರಾತ್ರಿ ಗಟ್ಟಿಯಾಗಿ ಓದಬೇಕು. ಐವತ್ತನೆಯ ಸಲವೂ ನಾಲಿಗೆಗೆ ಬೇಸರ ತರದ ವಾಕ್ಯ ಬರೆದು ನೋಡಿ, ಆಮೇಲೆ ಕಾದಂಬರಿಯ ಪುಟಗಳ ಮಾತು.

ಇನ್ನು ಕಾಲ್ಡೆಕಾಟ್. 1938ರಿಂದ ಇರುವ ಆ ಪದಕ ಚಿತ್ರಕಾರರದು. 2016ರಲ್ಲಿ ಅದೇ ಬಸ್ಸಿನ ಕತೆಗೆ ಚಿತ್ರ ಬರೆದ ಕ್ರಿಶ್ಚಿಯನ್ ರಾಬಿನ್ಸನ್ ಅವರಿಗೆ ಪದಕವಲ್ಲ, ಕಾಲ್ಡೆಕಾಟ್ ಗೌರವ ಮಾತ್ರ ಸಿಕ್ಕಿತು. ಅನ್ಯಾಯ ಹುಡುಕುವುದಾದರೆ ಕಾದಂಬರಿಕಾರರಿಗಿಂತ ಮೊದಲು ನಾನು ಅವರ ಕಡೆ ನೋಡುತ್ತೇನೆ.