ಬ್ಯಾಲೆನ್ಸ್ ಶೀಟಿಗೆ ಸಿಗದ ಕೈಗುಣ

ಕೈಗುಣ ಅಂದ್ರೆ ಹುಟ್ಟಿನಿಂದ ಬರೋ ಅದೃಷ್ಟ ಅಂತ ಎಷ್ಟೋ ಜನ ನಂಬಿದಾರೆ, ಈ ಮಾತು ಕೇಳಿದ್ರೆ ನಂಗೆ ಸುಮ್ನಿರೋಕಾಗಲ್ಲ. ಅದು ಅದೃಷ್ಟ ಅಲ್ಲ, ಜ್ಞಾನ. ಬಾಯಿಗೆ ಬರದೆ ಕೈಯಲ್ಲೇ ಕೂತಿರೋ ಜ್ಞಾನ. ಕಂಪನಿಗಳು ಏಳೋದು ಬೀಳೋದ್ರಲ್ಲೂ ಇದರ ಪಾಲು ದೊಡ್ಡದು.

1985ರಲ್ಲಿ ಜಪಾನಿನ ಮತ್ಸುಶಿತಾ ಕಂಪನಿಯವರು ಮನೇಲೇ ಬ್ರೆಡ್ ಮಾಡೋ ಮಷೀನಿಗೆ ಕೈ ಹಾಕಿದ್ರು. ಏನು ಮಾಡಿದ್ರೂ ಬ್ರೆಡ್ ಹೊರಗೆ ಸೀದುಹೋಗೋದು, ಒಳಗೆ ಹಸಿಹಸಿ. ಮಷೀನ್ ನಾದಿದ ಹಿಟ್ಟು, ಬೇಕರ್ ನಾದಿದ ಹಿಟ್ಟು ಎರಡನ್ನೂ ಎಕ್ಸ್‌ರೇ ತೆಗೆದು ಹೋಲಿಸಿದ್ರು, ಉಹುಂ. ಕೊನೆಗೆ ತಂಡದ ಸಾಫ್ಟ್‌ವೇರ್ ಡೆವಲಪರ್ ಒಬ್ಬರು ಒಸಾಕಾದ ಒಂದು ಹೋಟೆಲಿನ ಮುಖ್ಯ ಬೇಕರ್ ಹತ್ರ ಶಿಷ್ಯೆಯಾಗಿ ಸೇರಿ, ಪಕ್ಕದಲ್ಲೇ ನಿಂತು ನೋಡಿ ಕಲಿತಾಗ ಗುಟ್ಟು ಸಿಕ್ತು: ಆತ ಹಿಟ್ಟನ್ನ ಬರೀ ನಾದ್ತಿರಲಿಲ್ಲ, ಎಳೆದು ತಿರುಚ್ತಿದ್ದ. ಅದೇ ಎಳೆತ ಬರೋ ಹಾಗೆ ಮಷೀನಿನ ಒಳಗೆ ಏಣುಗಳನ್ನ ಕೂರಿಸಿದ್ರು, ಬ್ರೆಡ್ ಉಬ್ಬಿತು.

ಕೆಮಿಸ್ಟ್ರಿ ಬಿಟ್ಟು ತತ್ವಶಾಸ್ತ್ರಕ್ಕೆ ಬಂದ ಮೈಕೆಲ್ ಪೊಲಾನಿ ಇದಕ್ಕೆ ಟ್ಯಾಸಿಟ್ ನಾಲೆಜ್, ಅಂದ್ರೆ ಮಾತಲ್ಲಿ ಹೇಳೋಕೆ ಬಾರದ ಜ್ಞಾನ, ಅಂದ್ರು. ಸೈಕಲ್ ಎಡಕ್ಕೆ ವಾಲಿದ್ರೆ ಹ್ಯಾಂಡಲ್ಲೂ ಎಡಕ್ಕೇ ತಿರುಗಿಸ್ತೀವಿ, ಆಗ್ಲೇ ಬೀಳದೆ ಇರೋದು, ಆದ್ರೆ ದಿನಾ ಸೈಕಲ್ ಹೊಡೆಯೋರನ್ನ ಕೇಳಿ, ಹೇಳೋಕೆ ಬರಲ್ಲ. ಜಾತ್ರೆಯಷ್ಟು ಜನರ ಮಧ್ಯೆ ಗೆಳೆಯನ ಮುಖ ಥಟ್ಟಂತ ಸಿಗತ್ತೆ, ಹೇಗೆ ಅಂದ್ರೆ ಗೊತ್ತಿಲ್ಲ. ವ್ಯಾಕರಣ ಓದದ ಮಗು ಕೂಡ "ನಾನು ಬಂದನು" ಅನ್ನಲ್ಲ. ಕಂಪನಿಯ ಹಳೇ ಕೆಲಸಗಾರರ ತಲೆ ತುಂಬ ಇಂಥದ್ದೇ.

ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದಕ್ಕೆ ಜಾಗ ಇಲ್ಲ. ಮಷೀನ್ ಕೊಂಡ್ರೆ ಆಸ್ತಿ, ಜನಕ್ಕೆ ಟ್ರೇನಿಂಗ್ ಕೊಟ್ರೆ ಖರ್ಚು! ಬೇರೆಯವರು ಇಡೀ ಕಂಪನಿ ಕೊಂಡಾಗ ಮಾತ್ರ, ಅದರ ನಿವ್ವಳ ಆಸ್ತಿಯ ಬೆಲೆಗಿಂತ ಹೆಚ್ಚಿಗೆ ಕೊಟ್ಟ ದುಡ್ಡು ಗುಡ್‌ವಿಲ್ ಅಂತ ಪುಸ್ತಕಕ್ಕೆ ಏರತ್ತೆ, ಅದರಲ್ಲಿ ಈ ಜ್ಞಾನದ ಬೆಲೆಯೂ ಸೇರಿರತ್ತೆ. ಹಾಗಾಗಿ ಅನುಭವಸ್ಥರನ್ನ ಮನೆಗೆ ಕಳಿಸಿದ ವರ್ಷ ಸಂಬಳ ಉಳಿದು ಲಾಭ ಜಾಸ್ತಿ ಕಾಣತ್ತೆ, ಕಳ್ಕೊಂಡಿದ್ದು ಎಲ್ಲೂ ಕಾಣಲ್ಲ.

ಅಮೆರಿಕದ ಅಣ್ವಸ್ತ್ರಗಳಲ್ಲಿ ಬಳಸೋ ಫಾಗ್‌ಬ್ಯಾಂಕ್ ಅನ್ನೋ ವಸ್ತುವಿನ ಕಥೆ ಕೇಳಿ. 2000ದ ದಶಕದಲ್ಲಿ ಮತ್ತೆ ತಯಾರಿಸಬೇಕು ಅಂದಾಗ ಮೊದಲು ಮಾಡ್ತಿದ್ದವರಲ್ಲಿ ಹೆಚ್ಚಿನವರು ರಿಟೈರ್ ಆಗಿ ಹೋಗಿದ್ರು, ದಾಖಲೆಗಳೂ ಅಷ್ಟಕ್ಕಷ್ಟೇ. ಹೊಸಬರು ಕಚ್ಚಾವಸ್ತುವನ್ನ ಇನ್ನೂ ಚೆನ್ನಾಗಿ ಶುದ್ಧ ಮಾಡಿದ್ರು, ಮಾಲು ಸರಿ ಬರ್ಲೇ ಇಲ್ಲ. ವರ್ಷಗಟ್ಟಲೆ ಹುಡುಕಿದ ಮೇಲೆ ಗೊತ್ತಾಯ್ತು, ಮೊದಲು ಅದರಲ್ಲಿ ಉಳೀತಿದ್ದ ಒಂದು ಕಲ್ಮಶವೇ ಬೇಕಾಗಿತ್ತು. ಅದರ ಮಹತ್ವ ಹಳಬರಿಗೂ ಗೊತ್ತಿರಲಿಲ್ಲ.